ಶುಕ್ರವಾರವೋ, ಬುಧವಾರವೋ? ದಿನದ ಲೆಕ್ಕ ಮತ್ತು ವಾದದ ನ್ಯಾಯ

ಕಳೆದ ವರ್ಷ ಗುಡ್ ಫ್ರೈಡೇಯ ಮರುದಿನ, ಮಗ್ರಿಬ್ ನಮಾಝಿನ ಬಳಿಕ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪಕ್ಕದಲ್ಲಿ ಕುಳಿತನು. ಈಗ ಕನಕಪುರದಲ್ಲಿ ಕಾಲೇಜು ಓದುತ್ತಿರುವ ಹುಡುಗ. ಮುಖದಲ್ಲಿ ಗೆಲುವಿತ್ತು. "ಹಜರತ್, ಇವತ್ತು ಒಂದೇ ಪ್ರಶ್ನೆಗೆ ನಮ್ಮ ಕ್ಲಾಸಿನ ಕ್ರೈಸ್ತ ಹುಡುಗನ ಬಾಯಿ ಮುಚ್ಚಿಸಿಬಿಟ್ಟೆ" ಎಂದನು.

ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಪ್ರವಾದಿ ಯೂನುಸ್(ಅ) ಮೀನಿನ ಹೊಟ್ಟೆಯಲ್ಲಿ ಇದ್ದಂತೆ ಯೇಸುವೂ ಮೂರು ಹಗಲು ಮೂರು ರಾತ್ರಿ ಭೂಗರ್ಭದಲ್ಲಿ ಇರುವರೆಂದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯ ಹೇಳುತ್ತದೆ. ಶಿಲುಬೆಗೇರಿಸಿದ್ದು ಶುಕ್ರವಾರ ಮಧ್ಯಾಹ್ನ, ಸಮಾಧಿ ಬರಿದಾಗಿ ಕಂಡದ್ದು ಭಾನುವಾರ ಬೆಳಗ್ಗೆ ಎಂಬುದು ಕ್ರೈಸ್ತರ ನಂಬಿಕೆ. ಶುಕ್ರವಾರದ ರಾತ್ರಿ ಒಂದು, ಶನಿವಾರದ ರಾತ್ರಿ ಎರಡು. ಮೂರನೆಯ ರಾತ್ರಿ ಎಲ್ಲಿ? ಹುಡುಗ ಕೇಳಿದ್ದು ಇಷ್ಟೇ. ಆ ಇನ್ನೊಬ್ಬ ಹುಡುಗ ಹಾರೋಬೆಲೆಯ ಕಡೆಯವನು. ಉತ್ತರ ಹೇಳದೆ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದನಂತೆ.

ನಾನು ಅವನನ್ನು ಗದರಿಸಲಿಲ್ಲ. ಗದರಿಸುವ ಅಧಿಕಾರ ನನಗಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಮದ್ರಸ ಮುಗಿಸಿ ಕನ್ನಡ ಬಿ.ಎ.ಗೆ ಓದುತ್ತಿದ್ದಾಗ, ಇದೇ ಪ್ರಶ್ನೆಯನ್ನು ನಾನು ಒಬ್ಬ ಹಿರಿಯ ಕ್ರೈಸ್ತ ಅಧ್ಯಾಪಕರಿಗೆ ಎಲ್ಲರೆದುರು ಕೇಳಿದ್ದೆ. ಅವರು ಮುಗುಳ್ನಕ್ಕು, "ಎಣಿಕೆಯ ರೀತಿಯನ್ನು ಮೊದಲು ಓದಿಕೋ" ಎಂದಿದ್ದರು. ನಾನು ಅದನ್ನು ಸೋಲು ಮರೆಸುವ ಮಾತೆಂದುಕೊಂಡೆ. ಓದಿಕೊಳ್ಳಲು ಬಹಳ ವರ್ಷ ಬೇಕಾಯಿತು. ಓದಿದ ಮೇಲೆ ತಿಳಿದದ್ದನ್ನು ನಮ್ಮ ಮನೆಗಳ ಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಎಲ್ಲಿಂದ ಬಂತು?

ನಮ್ಮ ನಡುವೆ ಈ ಪ್ರಶ್ನೆಯನ್ನು ಹರಡಿದವರು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನೆಲೆಸಿದ್ದ ಅಹ್ಮದ್ ದೀದಾತ್ (1918-2005). ಯೂನುಸರ ಕುರುಹಿನ ಬಗ್ಗೆ ಅವರು ಬರೆದ ಕಿರುಪುಸ್ತಿಕೆ ಅನೇಕ ಭಾಷೆಗಳಲ್ಲಿ ಮನೆಮನೆ ತಲುಪಿತು. ಮಿಷನರಿಗಳ ಪ್ರಶ್ನೆಗಳೆದುರು ತಬ್ಬಿಬ್ಬಾಗುತ್ತಿದ್ದ ಸಾಮಾನ್ಯ ಮುಸ್ಲಿಮರಿಗೆ ಅವರು ಧೈರ್ಯ ಕೊಟ್ಟರು, ಅದನ್ನು ಮರೆಯಲಾಗದು. ಆದರೆ ಈ ತೊಡಕನ್ನು ಮೊದಲು ಕಂಡವರು ಕ್ರೈಸ್ತರೇ. ಇಂಗ್ಲೆಂಡಿನ ಬೈಬಲ್ ವಿದ್ವಾಂಸ ವೆಸ್ಟ್‌ಕಾಟ್ 19ನೇ ಶತಮಾನದಲ್ಲೇ ಗುರುವಾರದ ಪರವಾಗಿ ವಾದಿಸಿದರು. ಬುಲ್ಲಿಂಜರ್, ಟೋರಿ ಮುಂತಾದವರು ಬುಧವಾರವೆಂದರು. ಅವರ ಲೆಕ್ಕದಂತೆ ಬುಧವಾರ ಸೂರ್ಯಾಸ್ತದ ವೇಳೆಗೆ ಸಮಾಧಿ, ಶನಿವಾರ ಸೂರ್ಯಾಸ್ತಕ್ಕೆ ಸರಿಯಾಗಿ 72 ಗಂಟೆ. ಯೋಹಾನನ ಸುವಾರ್ತೆಯ 19ನೇ ಅಧ್ಯಾಯ ಮರುದಿನದ ಸಬ್ಬತ್ತನ್ನು ವಿಶೇಷ ಸಬ್ಬತ್ ಎನ್ನುತ್ತದೆ. ಅದು ವಾರದ ಶನಿವಾರವಾಗಿರದೆ ಪಾಸ್ಕ ಹಬ್ಬದ ಸಬ್ಬತ್ತಾಗಿತ್ತು, ಆ ವಾರದಲ್ಲಿ ಎರಡು ಸಬ್ಬತ್ತುಗಳಿದ್ದವು ಎಂಬುದು ಅವರ ಆಧಾರ.

ಆದರೂ ಬಹುಪಾಲು ವಿದ್ವಾಂಸರು ಶುಕ್ರವಾರವನ್ನು ಬಿಟ್ಟುಕೊಟ್ಟಿಲ್ಲ. ಕಾರಣಗಳು ಬಲವಾಗಿವೆ. ಆ ದಿನ 'ಸಿದ್ಧತೆಯ ದಿನ', ಅಂದರೆ ಸಬ್ಬತ್ತಿನ ಹಿಂದಿನ ದಿನ ಎಂದು ಮಾರ್ಕನು 15ನೇ ಅಧ್ಯಾಯದಲ್ಲಿ ಬಿಡಿಸಿ ಹೇಳುತ್ತಾನೆ. ಸಬ್ಬತ್ತಿನಂದು ಒಲೆ ಹಚ್ಚಬಾರದು, ಕೆಲಸ ಮಾಡಬಾರದು. ಆದುದರಿಂದ ಯಹೂದಿಯರು ಅಡುಗೆ ಮುಂತಾದುದನ್ನು ಶುಕ್ರವಾರವೇ ಮುಗಿಸಿಕೊಳ್ಳುತ್ತಿದ್ದರು. ಸಿದ್ಧತೆ ಎಂಬ ಅರ್ಥದ 'ಪರಸ್ಕೆವಿ' ಎಂಬ ಪದವೇ ಇಂದಿಗೂ ಗ್ರೀಕರ ಆಡುಮಾತಿನಲ್ಲಿ ಶುಕ್ರವಾರದ ಹೆಸರು. ಲೂಕನ 24ನೇ ಅಧ್ಯಾಯದಲ್ಲಿ ಭಾನುವಾರದಂದು ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರು ಇದು ನಡೆದು ಇಂದಿಗೆ ಮೂರನೆಯ ದಿನ ಎನ್ನುತ್ತಾರೆ. ಬುಧವಾರದಿಂದ ಎಣಿಸಿದರೆ ಭಾನುವಾರ ಮೂರನೆಯ ದಿನ ಆಗಲಾರದು. 1ನೇ ಶತಮಾನದ ಕೊನೆ ಅಥವಾ 2ನೇ ಶತಮಾನದ ಆರಂಭಕ್ಕೆ ಸೇರಿದ 'ದಿದಾಖೆ' ಎಂಬ ಕ್ರೈಸ್ತ ನಿಯಮಾವಳಿಯು ಬುಧವಾರ ಮತ್ತು ಸಿದ್ಧತೆಯ ದಿನ ಉಪವಾಸ ಮಾಡಲು ಹೇಳುತ್ತದೆ. ಮೊದಲನೆಯದು ದ್ರೋಹ ನಡೆದ ದಿನ, ಎರಡನೆಯದು ಶಿಲುಬೆಯ ದಿನ ಎಂದು ಮುಂದಿನವರು ಅದಕ್ಕೆ ಅರ್ಥ ಹೇಳಿದರು.

ಮೂರು ದಿನ ಎಂದರೆ ಎಷ್ಟು?

ಹಾಗಿದ್ದರೆ ಮೂರನೆಯ ರಾತ್ರಿಯ ಗತಿಯೇನು? ಇದಕ್ಕೆ ಉತ್ತರ ಸೆಮಿಟಿಕ್ ಜನರ ಎಣಿಕೆಯ ರೀತಿಯಲ್ಲಿದೆ, ಮತ್ತು ಆ ರೀತಿ ನಮ್ಮ ಮನೆಗಳಲ್ಲಿಯೇ ಇದೆ.

ಮೊದಲನೆಯದಾಗಿ, ಅವರ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ನಮ್ಮದೂ ಹಾಗೆಯೇ. ಗುರುವಾರ ಮಗ್ರಿಬ್ ಆದೊಡನೆ ನಾವು ಜುಮಾ ರಾತ್ರಿ ಎನ್ನುತ್ತೇವೆ. ರಮಝಾನಿನ ಚಂದ್ರ ಕಂಡ ರಾತ್ರಿಯೇ ತರಾವೀಹ್ ಶುರು, ಉಪವಾಸ ಬೆಳಗ್ಗೆ. ನಡುರಾತ್ರಿ ಹನ್ನೆರಡಕ್ಕೆ ದಿನ ಬದಲಾಗುವ ಲೆಕ್ಕ ಕಚೇರಿಗೆ ಸೇರಿದ್ದು.

ಎರಡನೆಯದಾಗಿ, ದಿನದ ಒಂದು ತುಣುಕೂ ಇಡೀ ದಿನವೆಂದೇ ಎಣಿಕೆಗೆ ಬರುತ್ತದೆ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೂರನೆಯ ದಿನ ಜಿಯಾರತ್ ಮಾಡುವ ರೂಢಿ ಇದೆ. ಆ ರೂಢಿಯ ಕುರಿತಾದ ಚರ್ಚೆಯನ್ನು ಬದಿಗಿಟ್ಟು ಲೆಕ್ಕವನ್ನಷ್ಟೇ ನೋಡಿ. ಶುಕ್ರವಾರ ಅಸರ್ ಬಳಿಕ ದಫನ್ ಆಯಿತು. ಜಿಯಾರತ್ ಯಾವಾಗ? ಭಾನುವಾರ ಬೆಳಗ್ಗೆ. ಗಡಿಯಾರ ಹಿಡಿದು 72 ಗಂಟೆ ಆಗಿಲ್ಲವೆಂದು ತಕರಾರು ಮಾಡಿದವರನ್ನು ನಾನು ಈವರೆಗೆ ಕಂಡಿಲ್ಲ. ಶುಕ್ರವಾರ ಹುಟ್ಟಿದ ಮಗುವಿನ ಏಳನೆಯ ದಿನದ ಅಕೀಕವನ್ನು ಹಿರಿಯರು ಗುರುವಾರಕ್ಕೆ ಗೊತ್ತುಮಾಡುವುದೂ ಇದೇ ಎಣಿಕೆಯಿಂದ.

ಯಹೂದಿಯರ ಗ್ರಂಥಗಳಲ್ಲಿಯೂ ಇದೇ ರೀತಿ ಕಾಣುತ್ತದೆ. ಎಸ್ತೇರಳ ಪುಸ್ತಕದಲ್ಲಿ ರಾಣಿಯು ಮೂರು ದಿನ ಹಗಲೂ ರಾತ್ರಿಯೂ ಉಪವಾಸವಿರಲು ತನ್ನವರಿಗೆ ಹೇಳಿ ಕಳುಹಿಸುತ್ತಾಳೆ. ಆದರೆ ಮೂರನೆಯ ದಿನವೇ ಅರಸನ ಮುಂದೆ ಹೋಗಿ ನಿಲ್ಲುತ್ತಾಳೆ. ಮತ್ತಾಯನ 27ನೇ ಅಧ್ಯಾಯದಲ್ಲಿ ಯಹೂದಿ ಮುಖಂಡರು ಪಿಲಾತನ ಬಳಿಗೆ ಬಂದು, ಮೂರು ದಿನಗಳ ನಂತರ ಏಳುವೆನೆಂದು ಯೇಸು ಹೇಳಿದ್ದರೆಂದು ನೆನಪಿಸಿ, ಮೂರನೆಯ ದಿನದವರೆಗೆ ಸಮಾಧಿಗೆ ಕಾವಲು ಹಾಕಿಸಬೇಕೆಂದು ಬೇಡುತ್ತಾರೆ. ಒಂದೇ ಮಾತಿನಲ್ಲಿ ಎರಡು ಬಗೆಯ ಎಣಿಕೆ ಬಂದರೂ ಅವರಿಗೆ ಅದರಲ್ಲಿ ವಿರೋಧ ತೋರಲಿಲ್ಲ. ಹಗಲು ಮತ್ತು ರಾತ್ರಿ ಸೇರಿ ಒಂದು ಅವಧಿ, ಅದರ ಭಾಗವೂ ಪೂರ್ಣ ಅವಧಿಗೆ ಸಮ ಎಂಬ ಮಾತು ಜೆರೂಸಲೇಮಿನ ತಾಲ್ಮುದಿನಲ್ಲೂ ಇದೆ.

ಇನ್ನೂ ಹತ್ತಿರದ ಸಾಕ್ಷ್ಯ ನಮ್ಮ ಪವಿತ್ರ ಕುರ್‌ಆನಿನಲ್ಲಿದೆ. ಮಗನ ಶುಭವಾರ್ತೆಗೆ ಕುರುಹು ಬೇಡಿದ ಪ್ರವಾದಿ ಝಕರಿಯ್ಯಾ(ಅ)ರಿಗೆ ಜನರೊಡನೆ ಮಾತನಾಡಲಾಗದ ಅವಧಿಯನ್ನು ಗೊತ್ತುಪಡಿಸಲಾಯಿತು. ಆಲಿ ಇಮ್ರಾನ್ ಅಧ್ಯಾಯದ 41ನೇ ಸೂಕ್ತದಲ್ಲಿ ಅದು ಮೂರು ದಿನ. ಮರ್ಯಮ್ ಅಧ್ಯಾಯದ 10ನೇ ಸೂಕ್ತದಲ್ಲಿ ಮೂರು ರಾತ್ರಿ. ಇದನ್ನು ವಿರೋಧಾಭಾಸವೆಂದು ಯಾರಾದರೂ ಹಂಗಿಸಿದರೆ ನಾವು ಏನೆನ್ನುತ್ತೇವೆ? ಅರಬಿಯಲ್ಲಿ ದಿನವೆಂದರೆ ಅದರ ರಾತ್ರಿಯೂ ಸೇರಿತು, ರಾತ್ರಿಯೆಂದರೆ ಅದರ ಹಗಲೂ ಸೇರಿತು, ಭಾಷೆಯ ರೂಢಿ ತಿಳಿಯದೆ ಆಕ್ಷೇಪಿಸಬೇಡಿ ಎನ್ನುತ್ತೇವೆ. ನಮ್ಮ ಗ್ರಂಥಕ್ಕೆ ಕೇಳುವ ಈ ನ್ಯಾಯವನ್ನು ಇನ್ನೊಬ್ಬರ ಗ್ರಂಥ ಓದುವಾಗ ಮರೆಯಬಹುದೇ?

ಇಬ್ನ್ ಕಸೀರ್ ಬರೆದ ದಿನ

ನನ್ನ ಹಳೆಯ ಹೆಮ್ಮೆ ಪೂರ್ತಿ ಇಳಿದದ್ದು ತಫ್ಸೀರಿನ ಒಂದು ಸಾಲಿನ ಮುಂದೆ. ಮದ್ರಸದಲ್ಲಿ ಓದಿದ್ದ ಗ್ರಂಥವೇ ಅದು. ಆಗ ಕಣ್ಣು ಅಲ್ಲಿ ನಿಂತಿರಲಿಲ್ಲ. ಅನ್ನಿಸಾ ಅಧ್ಯಾಯದ 157ನೇ ಸೂಕ್ತವನ್ನು ವಿವರಿಸುತ್ತಾ ಇಮಾಮ್ ಇಬ್ನ್ ಕಸೀರ್ (ನಿಧನ ಹಿ. 774, ಕ್ರಿ.ಶ. 1373) ಅವರು ಪ್ರವಾದಿ ಈಸಾ(ಅ) ಮತ್ತು ಸಂಗಡಿಗರಿದ್ದ ಮನೆಯನ್ನು ಶತ್ರುಗಳು ಸುತ್ತುವರಿದ ಸಂದರ್ಭವನ್ನು ಹೇಳುತ್ತಾರೆ. ಅದು ಯಾವ ದಿನ? ಶುಕ್ರವಾರ, ಅಸರ್ ಬಳಿಕ, ಶನಿವಾರದ ರಾತ್ರಿ ಹೊಸ್ತಿಲಲ್ಲಿದ್ದಾಗ ಎಂದು ಅವರೇ ಬರೆದಿದ್ದಾರೆ. ಶುಕ್ರವಾರ ಆಗಿರಲು ಸಾಧ್ಯವೇ ಇಲ್ಲವೆಂದು ನಾನು ಎಲ್ಲರೆದುರು ವಾದಿಸಿದ್ದೆ. ನಮ್ಮದೇ ಮಹಾ ಮುಫಸ್ಸಿರರು ಆ ದಿನವನ್ನು ಯಾವ ಅಳುಕಿಲ್ಲದೆ ದಾಖಲಿಸಿದ್ದರು.

ಕ್ರೈಸ್ತರಿಗೂ ನಮಗೂ ಇರುವ ಭಿನ್ನಾಭಿಪ್ರಾಯ ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಈಸಾ(ಅ)ರನ್ನು ಅವರು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು ಎಂಬುದು ನಮ್ಮ ವಿಶ್ವಾಸ. ಆ ವಿಶ್ವಾಸದ ಆಧಾರ ಅಲ್ಲಾಹನ ವಚನ. ಅದು ವಾರದ ಲೆಕ್ಕದ ಮೇಲೆ ನಿಂತಿಲ್ಲ. ನಾಳೆ ಬುಧವಾರವೇ ಸರಿ ಎಂದು ಸಿದ್ಧವಾದರೆ ನಮ್ಮ ವಿಶ್ವಾಸಕ್ಕೆ ಲಾಭವಿಲ್ಲ. ಶುಕ್ರವಾರವೇ ಸರಿ ಎಂದಾದರೆ ನಷ್ಟವಿಲ್ಲ. ಅಲ್ಲಾಹನು ಆ ಘಟನೆಯ ಬಗ್ಗೆ ಹೇಳುವಾಗ ವಾರವನ್ನೂ ವರ್ಷವನ್ನೂ ಹೆಸರಿಸಲಿಲ್ಲ. ಅದರಲ್ಲಿ ಭಿನ್ನಮತ ತಾಳಿದವರು ಸಂಶಯದಲ್ಲಿದ್ದಾರೆ, ಊಹೆಯ ಬೆನ್ನು ಹತ್ತಿದ್ದಾರೆ ಎಂದು ಎಚ್ಚರಿಸಿದನು. ಹಾಗಿರುವಾಗ ನಾವೇ ಒಂದು ಊಹೆಯನ್ನು ಹಿಡಿದು ಎದುರಾಳಿಯ ಮೇಲೆ ಎಸೆಯುವುದು ಎಂಥ ದೀನಸೇವೆ?

ತಾರೀಖು ಮಸುಕು, ವಾರ ಗಟ್ಟಿ

ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವಾರದ ವಿಷಯದಲ್ಲಿ ಒಂದೇ ಸ್ವರವಿರುವ ನಾಲ್ಕು ಸುವಾರ್ತೆಗಳು ತಾರೀಖಿನಲ್ಲಿ ಒಪ್ಪುವುದಿಲ್ಲ. ಪಾಸ್ಕದ ಕುರಿಯನ್ನು ನೀಸಾನ್ ತಿಂಗಳ 14ರ ಮಧ್ಯಾಹ್ನ ಕೊಯ್ದು, ಸೂರ್ಯಾಸ್ತದ ಬಳಿಕ, ಅಂದರೆ 15ರ ರಾತ್ರಿ, ಉಣ್ಣುತ್ತಿದ್ದರು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಗುರುವಾರ ರಾತ್ರಿಯ ಕಡೆಯ ಭೋಜನವೇ ಪಾಸ್ಕದ ಊಟ. ಆಗ ಶುಕ್ರವಾರ 15 ಆಗುತ್ತದೆ. ಯೋಹಾನನ ಪ್ರಕಾರ ಶುಕ್ರವಾರ ಬೆಳಗ್ಗೆ ಮುಖಂಡರು ಇನ್ನೂ ಪಾಸ್ಕ ಉಂಡಿರಲಿಲ್ಲ. ಆಗ ಆ ದಿನ 14. ಪಿಲಾತನು ಯೂದಾಯದ ಅಧಿಕಾರಿಯಾಗಿದ್ದದ್ದು ಕ್ರಿ.ಶ. 26ರಿಂದ 36ರವರೆಗೆ. ಆ ವರ್ಷಗಳಲ್ಲಿ 14 ಶುಕ್ರವಾರಕ್ಕೆ ಬೀಳುವ ಸಾಧ್ಯತೆಗಳನ್ನು ಲೆಕ್ಕ ಹಾಕಿದವರು ಮುಖ್ಯವಾಗಿ 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3 ಎಂಬ ಎರಡು ದಿನಗಳನ್ನು ಮುಂದಿಡುತ್ತಾರೆ. ಆ ಕಾಲದಲ್ಲಿ ತಿಂಗಳು ಆರಂಭವಾಗುತ್ತಿದ್ದದ್ದು ಕಣ್ಣಿಗೆ ಕಂಡ ಬಾಲಚಂದ್ರನಿಂದ. ಹಾಗಾಗಿ ಗಣಿತ ಎಷ್ಟೇ ಸೂಕ್ಷ್ಮವಾದರೂ ಒಂದು ದಿನದ ಸಂಶಯ ಉಳಿಯುತ್ತದೆ. ಚಂದ್ರದರ್ಶನದ ರಾತ್ರಿ ಫೋನ್ ಹಿಡಿದು ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಓದಿ ಮುಗುಳ್ನಗುವ ಮೊದಲು ನಮ್ಮದೇ ಇತಿಹಾಸವನ್ನು ನೋಡೋಣ. ಪ್ರವಾದಿ ಮುಹಮ್ಮದ್(ಸ)ರು ಸೋಮವಾರ ನಿಧನರಾದರೆಂಬುದು ದೃಢವಾದ ಹದೀಸ್‌ಗಳಿಂದ ತಿಳಿದದ್ದು. ತಾರೀಖು ರಬೀಉಲ್ ಅವ್ವಲ್ 12 ಎಂಬುದು ಪ್ರಸಿದ್ಧ. ವಿದಾಯ ಹಜ್ಜಿನ ಅರಫಾ ದಿನ ಶುಕ್ರವಾರವಾಗಿತ್ತೆಂಬುದು ಹಝ್ರತ್ ಉಮರ್(ರ)ರ ಹೇಳಿಕೆಯಿಂದ ಖಚಿತ. ಈಗ ಎಣಿಸಿ. ದುಲ್‌ಹಜ್ 9 ಶುಕ್ರವಾರವಾದರೆ ದುಲ್‌ಹಜ್ 1 ಗುರುವಾರ. ದುಲ್‌ಹಜ್, ಮುಹರ್ರಮ್, ಸಫರ್ ಮೂರೂ 30 ದಿನದವಾದರೆ ರಬೀಉಲ್ ಅವ್ವಲ್ 12 ಭಾನುವಾರ. ಎರಡು ತಿಂಗಳು 30 ಆದರೆ ಶನಿವಾರ, ಒಂದೇ 30 ಆದರೆ ಶುಕ್ರವಾರ, ಮೂರೂ 29 ಆದರೆ ಗುರುವಾರ. ಸೋಮವಾರ ಬರುವುದೇ ಇಲ್ಲ!

ಈ ತೊಡಕನ್ನು ಎತ್ತಿದವರು ಇಸ್ಲಾಮಿನ ವಿರೋಧಿಗಳಲ್ಲ, ಅಂದಲೂಸಿನ ಇಮಾಮ್ ಸುಹೈಲಿ (ನಿಧನ ಹಿ. 581). ಅದಕ್ಕೆ ಇಬ್ನ್ ಕಸೀರ್ ಸೂಚಿಸಿದ ಪರಿಹಾರ ಚಂದ್ರದರ್ಶನದ ವ್ಯತ್ಯಾಸ. ಮಕ್ಕಾದಲ್ಲಿ ಗುರುವಾರದ ಮೊದಲ ರಾತ್ರಿ ಕಂಡ ಚಂದ್ರ ಮದೀನಾದವರಿಗೆ ಒಂದು ದಿನ ತಡವಾಗಿ ಕಂಡಿದ್ದರೆ ಅಲ್ಲಿ ದುಲ್‌ಹಜ್ 1 ಶುಕ್ರವಾರ. ಮೂರು ತಿಂಗಳೂ 30 ದಿನದವಾದರೆ ರಬೀಉಲ್ ಅವ್ವಲ್ 12 ಸರಿಯಾಗಿ ಸೋಮವಾರ. ಬೇರೆ ವಿದ್ವಾಂಸರು ತಾರೀಖನ್ನೇ 1 ಅಥವಾ 2 ಎಂದರು. ವಾರವನ್ನು ಯಾರೂ ಬದಲಿಸಲಿಲ್ಲ.

ಎರಡು ಸಮುದಾಯಗಳಲ್ಲೂ ಒಂದೇ ಬಗೆ ಏಕೆ? ವಾರವು ಆರಾಧನೆಯೊಳಗೆ ಬೆರೆತು ಏಳು ದಿನಕ್ಕೊಮ್ಮೆ ಮರಳಿ ಬರುತ್ತದೆ, ಜನ ಮರೆಯುವುದಿಲ್ಲ. ನಮ್ಮಲ್ಲಿ ಸೋಮವಾರದ ಸುನ್ನತ್ ಉಪವಾಸ, ಅವರಲ್ಲಿ ಶುಕ್ರವಾರದ ಉಪವಾಸ. ತಾರೀಖಾದರೋ ಬರೆದಿಟ್ಟರಷ್ಟೇ ಉಳಿಯುತ್ತದೆ. ನನ್ನ ಅಜ್ಜಿಗೆ ತನ್ನ ಮಕ್ಕಳ ಜನ್ಮ ದಿನಾಂಕ ಗೊತ್ತಿರಲಿಲ್ಲ. ಯಾರು ಜುಮಾ ದಿನ ಹುಟ್ಟಿದರು, ಯಾರು ಸಂತೆಯ ದಿನ ಅಜಾನಿನ ಹೊತ್ತಿಗೆ ಹುಟ್ಟಿದರು ಎಂಬುದು ಮಾತ್ರ ನಾಲಗೆಯ ತುದಿಯಲ್ಲಿತ್ತು.

ಎಣಿಕೆಯ ಜಗಳಕ್ಕೆ ಕುರ್‌ಆನಿನ ಪಾಠ

ಪ್ರತಿ ಜುಮಾ ನಾವು ಅಲ್ ಕಹ್ಫ್ ಅಧ್ಯಾಯ ಓದುತ್ತೇವೆ. ಗುಹಾವಾಸಿಗಳು ಎಷ್ಟು ಮಂದಿ ಎಂಬ ಜಗಳ ಅದರ 22ನೇ ಸೂಕ್ತದಲ್ಲಿದೆ. ನಾಯಿಯನ್ನು ಸೇರಿಸಿ ನಾಲ್ವರು ಎನ್ನುವವರು, ಆರು ಎನ್ನುವವರು, ಎಂಟು ಎನ್ನುವವರು. ಕಾಣದ ಗುರಿಗೆ ಕಲ್ಲೆಸೆದಂಥ ಮಾತುಗಳಿವೆ ಎಂದು ಸೂಚಿಸಿ, ಅವರ ಸಂಖ್ಯೆಯನ್ನು ಪ್ರಭು ಚೆನ್ನಾಗಿ ಬಲ್ಲನು, ಮೇಲ್ನೋಟದ ಮಾತಿಗಿಂತ ಆಚೆಗೆ ಈ ಬಗ್ಗೆ ತರ್ಕಿಸಬೇಡಿರಿ ಎಂದು ಅಲ್ಲಾಹನು ಕಲಿಸಿದನು. ಓದುವುದನ್ನು ವಾರವಾರ ಓದುತ್ತೇವೆ. ಪಾಠವನ್ನು ಮಾತ್ರ ಮಸೀದಿಯ ಬಾಗಿಲಲ್ಲಿ ಬಿಟ್ಟು ಬರುತ್ತೇವೆ.

ಹಿಂದಿನವರು ಹೀಗಿರಲಿಲ್ಲ. ಅಲ್ ಬೀರೂನಿ ಕ್ರಿ.ಶ. 1000ದ ಸುಮಾರಿಗೆ ಬರೆದ 'ಅಲ್ ಆಸಾರುಲ್ ಬಾಕಿಯಾ'ದಲ್ಲಿ ಯಹೂದಿಯರ, ಕ್ರೈಸ್ತರ, ಮಜೂಸಿಗಳ ಪಂಚಾಂಗ ಹಾಗೂ ಹಬ್ಬಗಳ ಲೆಕ್ಕವನ್ನು ಶ್ರಮವಹಿಸಿ ದಾಖಲಿಸಿದರು. ಇನ್ನೊಬ್ಬರ ಎಣಿಕೆಯನ್ನು ಅವರ ರೀತಿಯಲ್ಲೇ ಅರಿಯುವುದು ಅವರಿಗೆ ವಿದ್ಯೆಯ ಭಾಗವಾಗಿತ್ತು. ಕ್ರೈಸ್ತರ ಇತಿಹಾಸದಲ್ಲೂ ಇಂಥದೊಂದು ನಿದರ್ಶನವಿದೆ. ವಾರ ಯಾವುದೇ ಇರಲಿ, ನೀಸಾನ್ 14ರಂದೇ ಪಾಸ್ಕ ಆಚರಿಸಬೇಕೆಂದು ಏಷ್ಯಾ ಮೈನರಿನವರು, ಭಾನುವಾರವೇ ಆಗಬೇಕೆಂದು ರೋಮಿನವರು ಹೇಳುತ್ತಿದ್ದರು. ಸುಮಾರು 155ರಲ್ಲಿ ಸ್ಮಿರ್ನಾದ ವೃದ್ಧ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೇಟಸ್ ಜೊತೆ ಚರ್ಚಿಸಿದರು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ. ಆದರೂ ಸಮಾಧಾನದಿಂದ ಬೀಳ್ಕೊಂಡರು. 325ರಲ್ಲಿ ನಿಕೇಯ ಸಭೆ ಭಾನುವಾರದ ಪರವಾಗಿ ತೀರ್ಮಾನಿಸುವ ಮುಂಚೆ ಈ ವಿಷಯದಲ್ಲಿ ಕಹಿಯಾದ ಜಗಳಗಳೂ ನಡೆದವು. ಆದರೆ ನೆನಪಿಡಬೇಕಾದದ್ದು ಆ ಇಬ್ಬರು ಮುದುಕರ ಬೀಳ್ಕೊಡುಗೆ.

ನಮ್ಮ ಜಿಲ್ಲೆಯಲ್ಲಿ ಇದು ಬರಿಯ ಪುಸ್ತಕದ ಮಾತಲ್ಲ. ಅರ್ಕಾವತಿ ಜಲಾಶಯದ ಹಾರೋಬೆಲೆ ಕ್ರೈಸ್ತರೇ ಹೆಚ್ಚಾಗಿರುವ ಊರು. ಸಮೀಪದಲ್ಲಿ ಕಪಾಲಬೆಟ್ಟ. ಸುವಾರ್ತೆಗಳು ಶಿಲುಬೆಯ ಸ್ಥಳವನ್ನು ಗೊಲ್ಗೊಥಾ ಎನ್ನುತ್ತವೆ. ಅದರ ಅರ್ಥವೂ ತಲೆಬುರುಡೆ, ಕಪಾಲ. 2019ರ ಡಿಸೆಂಬರ್ 25ರಂದು ಅಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಶಿಲಾನ್ಯಾಸವಾದಾಗ ಎದ್ದ ವಿವಾದ ನಾಡಿನುದ್ದಕ್ಕೂ ಸುದ್ದಿಯಾಯಿತು, ಪ್ರತಿಭಟನೆಗಳು ನಡೆದವು. ಆ ವಿವಾದದ ಸರಿತಪ್ಪು ಈ ಲೇಖನದ ವಿಷಯವಲ್ಲ, ಪ್ರತಿಮೆಯ ಕುರಿತು ನಮ್ಮ ಧರ್ಮದ ನಿಲುವೂ ಎಲ್ಲರಿಗೆ ತಿಳಿದದ್ದೇ. ಆದರೆ ಆ ದಿನಗಳಲ್ಲಿ ಅಲ್ಲಿನ ಸಾಮಾನ್ಯ ಕುಟುಂಬಗಳು ಎಷ್ಟು ಅಳುಕಿನಿಂದ ಇದ್ದಿರಬಹುದೆಂದು ನಾವಾದರೂ ಊಹಿಸಬಲ್ಲೆವು. ತಮ್ಮ ನಂಬಿಕೆಗೆ ದಿನವೂ ಸಮಜಾಯಿಷಿ ಕೊಡುತ್ತಾ ಬದುಕುವುದು ಎಂದರೇನೆಂದು ನಮಗೆ ಗೊತ್ತಿಲ್ಲವೇ? ಗ್ರಂಥದವರೊಡನೆ ಅತ್ಯುತ್ತಮ ರೀತಿಯಲ್ಲಲ್ಲದೆ ವಾದಿಸಬೇಡಿರೆಂದು ಅಲ್ ಅನ್‌ಕಬೂತ್ ಅಧ್ಯಾಯದ 46ನೇ ಸೂಕ್ತ ಆದೇಶಿಸುತ್ತದೆ. ಯಾರ ಮೇಲಿನ ದ್ವೇಷವೂ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲೆಂದು ಅಲ್ ಮಾಇದಾ ಅಧ್ಯಾಯದ 8ನೇ ಸೂಕ್ತ ಎಚ್ಚರಿಸುತ್ತದೆ. ದುರ್ಬಲವೆಂದು ತಿಳಿದೂ ಒಂದು ವಾದವನ್ನು ಬಳಸುವುದು ಅಳತೆಯಲ್ಲಿ ಮೋಸ ಮಾಡಿದಂತೆ. ತಕ್ಕಡಿಯಲ್ಲಿ ಧಾನ್ಯವೇ ಇರಬೇಕೆಂದಿಲ್ಲ.

ಇಷ್ಟನ್ನೂ ಆ ಹುಡುಗನಿಗೆ ಎರಡು ಸಂಜೆಗಳಲ್ಲಿ ಹೇಳಿದೆ. ಝಕರಿಯ್ಯಾ(ಅ)ರ ಎರಡು ಸೂಕ್ತಗಳನ್ನು ಅವನಿಂದಲೇ ತೆಗೆಸಿ ಓದಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಅವನಿಗೆ ಏನು ಹೇಳಲಿ, ಹಜರತ್?" ಎಂದು ಕೇಳಿದನು.

"ನನ್ನ ಲೆಕ್ಕ ತಪ್ಪಿತ್ತು ಎಂದು ಹೇಳಪ್ಪಾ. ನಮ್ಮ ನಂಬಿಕೆ ಏನೆಂದು ಅವನು ಕೇಳಿದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳು."

ವಾರದ ನಂತರ ಬಂದು ಹೇಳಿದನು. ಕಾಲೇಜಿನ ಬಸ್ ನಿಲ್ದಾಣದಲ್ಲಿ ಮಾತಾಡಿದನಂತೆ. ಆ ಹುಡುಗ ನಕ್ಕು, "ನಮ್ಮ ತಾತ ಭಾನುವಾರವೇ ಮೂರನೇ ದಿನ ಅಂತಿರ್ತಾರೆ. ಹೇಗೆ ಎಣಿಸುತ್ತಾರೆ ಅಂತ ನನಗೂ ಗೊತ್ತಿರಲಿಲ್ಲ" ಎಂದನಂತೆ. ಆಮೇಲೆ, "ನಿಮ್ಮ ಕುರ್‌ಆನಿನಲ್ಲಿ ಮರಿಯಮ್ಮನವರ ಬಗ್ಗೆ ಒಂದು ಇಡೀ ಅಧ್ಯಾಯ ಇದೆಯಂತೆ, ನಿಜವಾ?" ಎಂದು ಕೇಳಿದನಂತೆ. ನಮ್ಮ ಹುಡುಗ ಕನ್ನಡ ಅನುವಾದದ ಕುರ್‌ಆನ್ ಬೇಕೆಂದು ನನ್ನಲ್ಲಿಗೆ ಬಂದಿದ್ದನು. ಕಪಾಟಿನಿಂದ ತೆಗೆದುಕೊಟ್ಟೆ.

ನಮ್ಮ ನಾಲಗೆಯನ್ನು ಸತ್ಯದ ಮೇಲೂ ನ್ಯಾಯದ ಮೇಲೂ ಅಲ್ಲಾಹನು ನೆಲೆಗೊಳಿಸಲಿ. ಆಮೀನ್. ವಲ್ಲಾಹು ಅಅ್‌ಲಮ್.